ಕಾಯಿನ್ ಮಷಿನ್‌ಗೆ ಗಟ್ಟಿ ಡಬ್ಬ: ಎಂಡಿಎಫ್ಫೋ, ಪ್ಲೈವುಡ್ಡೋ, ತಗಡೋ?

ಜುಲೈ ಕೊನೆಯ ವಾರ. ಸಕಲೇಶಪುರದ ಒಂದು ಬೇಕರಿಯಿಂದ ಫೋನ್ ಬಂತು. "ಅಣ್ಣ, ನೀವು ಮಾಡಿಕೊಟ್ಟ ಮಷಿನ್ ಬಾಗಿಲು ಹಾಕಕ್ಕೆ ಆಗ್ತಿಲ್ಲ. ಕೆಳಗಡೆ ಏನೋ ಉಬ್ಬಿಕೊಂಡಿದೆ. ಒಂದ್ಸಲ ಬಂದು ನೋಡ್ತೀರಾ?"

ಮಾರನೇ ದಿನವೇ ಹೋದೆ. ಐದು ರೂಪಾಯಿ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಚೆಂಡಿನೊಳಗೆ ಪುಟ್ಟ ಆಟದ ಸಾಮಾನು ಬೀಳುವ ಮಷಿನ್ ಅದು. ಒಳಗಿನ ಭಾಗಗಳು ಅವರವು, ಡಬ್ಬ ನನ್ನದು. 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಮಾಡಿ, ಮೇಲೆ ಕೆಂಪು ಪೇಂಟ್ ಹೊಡೆದಿದ್ದೆ. ನೋಡಲು ಶೋರೂಮ್ ಸಾಮಾನಿನ ಹಾಗಿತ್ತು. ಬೇಕರಿ ಜಗಲಿ ಮೇಲೆ ನಿಲ್ಲಿಸಿದ್ದರು. ದಿನಾ ಸಂಜೆ ನೆಲ ಒರೆಸುತ್ತಾರೆ, ಮಳೆ ಎರಚಲು ಬೇರೆ. ಕೆಳಗಿನ ಅಂಚು ನೀರು ಕುಡಿದು ಉಬ್ಬಿ ದಪ್ಪ ಆಗಿತ್ತು. ಹೆಬ್ಬೆರಳಲ್ಲಿ ಒತ್ತಿದೆ. ಕಾಫಿಗೆ ಅದ್ದಿದ ರಸ್ಕ್ ಥರ ಒಳಗೆ ಹೋಯಿತು. ಪೇಂಟಿನ ಪದರ ಮಾತ್ರ ಮೇಲೆ ಚರ್ಮದ ಹಾಗೆ ನಿಂತಿತ್ತು.

ಬೇಜಾರಾಯಿತು. ಅವರು ನಂಬಿ ದುಡ್ಡು ಕೊಟ್ಟಿದ್ದರು. ಇನ್ನೊಂದು ಡಬ್ಬ ಮಾಡಿಕೊಟ್ಟೆ, ಈ ಸಲ ನೀರು ತಡೆಯುವ ಮೆರೈನ್ ಪ್ಲೈವುಡ್ಡಿನಲ್ಲಿ. ವಿಷಯ ಏನೆಂದರೆ, ಅದೇ ಅಳತೆಯ, ಅದೇ ಎಂಡಿಎಫ್‌ನ ಇನ್ನೊಂದು ಡಬ್ಬವನ್ನು ಅದೇ ವಾರ ಅರಸೀಕೆರೆಯ ಒಂದು ಅಂಗಡಿಗೂ ಕೊಟ್ಟಿದ್ದೆ. ಅದು ಇವತ್ತಿಗೂ ಹೊಸದರ ಹಾಗೇ ಇದೆ.

ಅವತ್ತಿನಿಂದ ಯಾರೇ ಬಂದು "ಕಾಯಿನ್ ಮಷಿನ್‌ಗೆ ಬಾಡಿ ಮಾಡಬೇಕು, ಯಾವ ಮೆಟೀರಿಯಲ್ ಒಳ್ಳೇದು?" ಅಂತ ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ಎಲ್ಲಿ ನಿಲ್ಲಿಸುತ್ತೀರಿ?

ಮೊದಲು ಜಾಗ, ಆಮೇಲೆ ಮಷಿನ್

ಹಾಸನದಿಂದ ಒಂದು ದಿಕ್ಕಿಗೆ 40 ಕಿ.ಮೀ. ಹೋದರೆ ಸಕಲೇಶಪುರ. ಇನ್ನೊಂದು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಅರಸೀಕೆರೆ. ಜಿಲ್ಲೆ ಒಂದೇ, ಹವಾ ಬೇರೆ. ಒಂದು ಕಡೆ ಆರಿದ್ರಾ ಹಿಡಿಯಿತು ಅಂದರೆ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಬೇಕು. ಇನ್ನೊಂದು ಕಡೆ ತೆಂಗಿನ ತೋಟದವರು ಒಂದು ಹದ ಮಳೆಗೆ ಆಕಾಶ ನೋಡುತ್ತಿರುತ್ತಾರೆ. ಚಿಕ್ಕಮಗಳೂರು ಜಿಲ್ಲೆಯೂ ಹಾಗೇ. ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡೆಯ ಮಳೆಗೂ ಕಡೂರಿನ ಮಳೆಗೂ ಹೋಲಿಕೆಯೇ ಇಲ್ಲ. ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಕೂತು ಡಬ್ಬ ಮಾಡುವವರ ಮಾತನ್ನು ಹಾಗೇ ತಂದು ಇಲ್ಲಿ ಹಾಕಿದರೆ ಆಗದಿರುವುದು ಇದಕ್ಕೇ.

ಹಾಗಾಗಿ ಜಾಗ ನೋಡಿ ಬರುತ್ತೇನೆ. ತಲೆ ಮೇಲೆ ಸೂರು ಇದೆಯಾ, ಇದ್ದರೆ ಎರಚಲು ಎಲ್ಲಿ ತನಕ ಬರುತ್ತದೆ? ನೆಲ ದಿನಾ ಒದ್ದೆ ಆಗುತ್ತದಾ? ರಾತ್ರಿ ಒಳಗೆ ತಳ್ಳಿ ಷಟರ್ ಎಳೆಯುತ್ತಾರಾ, ಇಲ್ಲ ಹೊರಗೇ ಇರುತ್ತದಾ? ಜನ ಎಷ್ಟು? ಹಾಸನಾಂಬ ದರ್ಶನದ ದಿನಗಳಲ್ಲಿ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ ಒಂದು ಮಷಿನ್ ನಿಲ್ಲಿಸಿ ನೋಡಿ. ಜನ ಅದಕ್ಕೆ ಒರಗುತ್ತಾರೆ, ಮಗುವನ್ನು ಅದರ ಮೇಲೆ ಕೂರಿಸುತ್ತಾರೆ, ಬ್ಯಾಗ್ ಇಡುತ್ತಾರೆ. ಯಾರದ್ದೂ ತಪ್ಪಲ್ಲ, ಗಂಟೆಗಟ್ಟಲೆ ಕ್ಯೂ ನಿಂತವರು. ಡಬ್ಬ ಅದನ್ನು ತಡೆಯಬೇಕು ಅಷ್ಟೇ.

ಒಳಗೆ ಯಾವ ಮಷಿನ್ ಕೂರುತ್ತದೆ ಅನ್ನುವುದು ಎರಡನೇ ಪ್ರಶ್ನೆ. ನೀರಿನ ಘಟಕವಾದರೆ ಪೈಪು, ಸೋರಿಕೆ. ಕಾಫಿ ಮಷಿನ್ ಆದರೆ ಬಿಸಿ, ಹಬೆ. ತೂಕದ ಮಷಿನ್‌ಗೆ ಅಡಿಪಾಯ ಅಲುಗಬಾರದು. ಆಟದ ಮಷಿನ್‌ಗೆ ಕೈಯೇಟು ಜಾಸ್ತಿ. ಕಾಯಿನ್ ಹಾಕಿ ನೀರು ಹಿಡಿಯುವುದು ನಮ್ಮ ಊರಿಗೆ ಹೊಸದು ಅನ್ನಿಸಬಹುದು. ಆದರೆ ಸುಮಾರು 2000 ವರ್ಷದ ಹಿಂದೆಯೇ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತ ಇಂಥದ್ದೊಂದನ್ನು ವಿವರಿಸಿದ್ದಾನೆ. ಗುಡಿಯಲ್ಲಿ ನಾಣ್ಯ ಹಾಕಿದರೆ ಅದರ ತೂಕಕ್ಕೆ ಸನ್ನೆ ಬಾಗಿ ಒಂದಿಷ್ಟು ತೀರ್ಥ ಬರುತ್ತಿತ್ತು. ನಾಣ್ಯ, ನೀರು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವ ತಾಪತ್ರಯ ಅವತ್ತಿನಿಂದಲೇ ಇದೆ.

ಹಲಗೆ, ತಗಡು: ಯಾವುದು ಎಲ್ಲಿಗೆ

ಎಂಡಿಎಫ್‌ನಿಂದ ಶುರು ಮಾಡೋಣ. ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ ಅದು. ಸಪಾಟಾಗಿರುತ್ತದೆ, ಗಂಟು ಇಲ್ಲ, ರೂಟರ್ (ಮರ ಕೊರೆಯುವ ಮಷಿನ್) ಓಡಿಸಿದರೆ ಬೆಣ್ಣೆ ಕೊಯ್ದ ಹಾಗೆ. ಪೇಂಟ್ ಕೂಡ ಚೆನ್ನಾಗಿ ಕೂರುತ್ತದೆ. ಕಡೂರು, ಅರಸೀಕೆರೆ ಕಡೆ ಅಂಗಡಿಯ ಒಳಗೆ, ಒಣ ನೆಲದ ಮೇಲೆ ನಿಲ್ಲುವ ಆಟದ ಮಷಿನ್‌ಗೆ ಧಾರಾಳವಾಗಿ ಬಳಸಿ. ಆದರೆ ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಒಮ್ಮೆ ಬಿಚ್ಚಿ ಮತ್ತೆ ಅದೇ ತೂತಿಗೆ ಹಾಕಿದರೆ ಹಿಡಿಯುವುದಿಲ್ಲ. ಮಲೆನಾಡಿಗೆ ಮಾತ್ರ ಬೇಡವೇ ಬೇಡ. ಈಗ ಎಚ್‌ಡಿಎಚ್‌ಎಂಆರ್ ಅಂತ ತೇವ ತಡೆಯುವ, ಜಾಸ್ತಿ ಒತ್ತಿದ ಹಲಗೆ ಬರುತ್ತಿದೆ. ಅದು ಎಂಡಿಎಫ್‌ಗಿಂತ ಎಷ್ಟೋ ಮೇಲು. ಆದರೂ ದಿನಾ ಒದ್ದೆಯಾಗುವ ಜಾಗಕ್ಕೆ ನಾನು ಹಾಕುವುದಿಲ್ಲ. ಇವೆರಡನ್ನು ಕತ್ತರಿಸುವಾಗ ಏಳುವ ಧೂಳು ಹಿಟ್ಟಿಗಿಂತ ನುಣುಪು. ಮಾಸ್ಕ್ ಹಾಕದೆ ಗರಗಸ ಮುಟ್ಟಬೇಡಿ.

ಪ್ಲೈವುಡ್‌ಗೆ ಬಂದರೆ ಅಂಗಡಿಯಲ್ಲಿ ಮೂರು ಮಾತು ಕೇಳುತ್ತೀರಿ. ಎಂಆರ್, ಅಂದರೆ ತೇವ ಮಾತ್ರ ತಡೆಯುವಂಥದ್ದು, ಇದನ್ನೇ ಕಮರ್ಷಿಯಲ್ ಅನ್ನುತ್ತಾರೆ. ಬಿಡಬ್ಲ್ಯೂಆರ್, ಅಂದರೆ ಕುದಿವ ನೀರನ್ನೂ ಒಂದು ಮಟ್ಟಿಗೆ ತಡೆಯುವಂಥದ್ದು. ಆಮೇಲೆ ಅದಕ್ಕಿಂತ ಗಟ್ಟಿಯಾದ ಬಿಡಬ್ಲ್ಯೂಪಿ, ಅಂದರೆ ಮೆರೈನ್. ಮೆರೈನ್ ಹಲಗೆ ಮೇಲೆ ಐಎಸ್ 710 ಅಂತ ಐಎಸ್‌ಐ ಮುದ್ರೆ ಇರಬೇಕು. ಆ ಮಾನದಂಡದ ಪರೀಕ್ಷೆಯಲ್ಲಿ ಪ್ಲೈ ತುಂಡನ್ನು 72 ಗಂಟೆ ಕುದಿಸಿ, ಆಮೇಲೂ ಅಂಟು ಬಿಡದೆ ಇದೆಯಾ ಅಂತ ನೋಡುತ್ತಾರೆ. ಮುದ್ರೆ ಎಲ್ಲರೂ ಹೊಡೆಯುತ್ತಾರೆ, ಅಂಟು ಎಲ್ಲರೂ ಹಾಕುವುದಿಲ್ಲ. ಅದಕ್ಕೇ ನಾನು ಮನೆಯಲ್ಲೇ ಕುದಿಸಿ ನೋಡುತ್ತೇನೆ.

ಹೊಸ ಕಡೆಯಿಂದ ತರುವಾಗ ಅಂಗೈ ಅಗಲದ ಒಂದು ತುಂಡು ಕೇಳಿ ತರುತ್ತೇನೆ. ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಒಂದು ಹಳೇ ಅಲ್ಯೂಮಿನಿಯಂ ಪಾತ್ರೆ. ತುಂಡು ತೇಲದ ಹಾಗೆ ಮೇಲೆ ಕಲ್ಲು ಹೇರಿ, ಬೆಳಗ್ಗೆ ಮೂರು ನಾಲ್ಕು ಗಂಟೆ ಹೊತ್ತು ಕುದಿಸಿ, ಆ ನೀರಲ್ಲೇ ಬಿಟ್ಟು, ಮಾರನೇ ದಿನ ಮತ್ತೆ ಕುದಿಸುತ್ತೇನೆ. ಸ್ನಾನದ ಹಂಡೆಗೆ ಹಾಕಬೇಡಿ, ಪ್ಲೈ ಅಂಟಿನಲ್ಲಿ ಕೆಮಿಕಲ್ ಇರುತ್ತದೆ. ಒಂದು ಸಲ ಮೆರೈನ್ ಅಂತ ಕೊಟ್ಟ ತುಂಡು ಎರಡನೇ ದಿನವೇ ಮೂಲೆಯಲ್ಲಿ ಬಾಯಿ ಬಿಟ್ಟಿತು. ಉಗುರು ತೂರಿಸಿ ಎಳೆದೆ, ಈರುಳ್ಳಿ ಸಿಪ್ಪೆ ಹಾಗೆ ಪದರ ಪದರ ಬಿಚ್ಚಿಕೊಂಡಿತು. ಇನ್ನೊಂದು ಅಂಗಡಿಯ ತುಂಡು ನಾಲ್ಕನೇ ದಿನವೂ ಕಲ್ಲಿನ ಹಾಗಿತ್ತು. ಬಣ್ಣ ಸ್ವಲ್ಪ ಕಪ್ಪಾಗಿತ್ತು, ಅಷ್ಟೇ. ಇದು ಲ್ಯಾಬ್ ಪರೀಕ್ಷೆ ಅಲ್ಲ, ನಿಜ. ಆದರೆ ಎರಡೇ ದಿನಕ್ಕೆ ಬಿಚ್ಚಿಕೊಳ್ಳುವ ಪ್ಲೈಯನ್ನು ಇದು ಮನೆಗೆ ಬರುವ ಮುಂಚೆಯೇ ಹಿಡಿದುಕೊಡುತ್ತದೆ.

ಬಯಲುಸೀಮೆ ಕಡೆ, ಸೂರಿನ ಕೆಳಗೆ, ಬಿಡಬ್ಲ್ಯೂಆರ್ ಸಾಕು. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಒಳಗಿರಲಿ ಹೊರಗಿರಲಿ ಮೆರೈನ್ ಹಾಕಿ. ಕಮರ್ಷಿಯಲ್ ಪ್ಲೈಯನ್ನು ನಾನು ಒಳಗಿನ ಚಿಕ್ಕ ಕಪಾಟಿಗೂ ಹಾಕುವುದು ಬಿಟ್ಟಿದ್ದೇನೆ. ಗೆದ್ದಲು, ಕುಟ್ಟೆ ಹುಳ ಬಂದರೆ ಅಲ್ಲಿಂದಲೇ ಶುರು.

ನಮ್ಮ ತೋಟದ ಮರ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರ ಎಲ್ಲರ ಹತ್ತಿರವೂ ಇರುತ್ತದೆ. ಕೆಲಸಕ್ಕೆ ಸುಲಭ, ಹಗುರ. ಚೆನ್ನಾಗಿ ಒಣಗಿದ್ದರೆ ಒಳಗಿನ ರೀಪು ಪಟ್ಟಿಗಳಿಗೆ ನಾನು ಅದನ್ನೇ ಬಳಸುತ್ತೇನೆ. ಆದರೆ ಅಗಲ ಹಲಗೆ ಮಾಡಿ ಬಾಗಿಲಿಗೆ ಹಾಕಿದರೆ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬೀಗದ ನಾಲಿಗೆ ಒಂದು ಕಾಲದಲ್ಲಿ ಸಿಗುತ್ತದೆ, ಇನ್ನೊಂದು ಕಾಲದಲ್ಲಿ ಸಿಗುವುದಿಲ್ಲ.

ಇನ್ನು ತಗಡು. ಎಷ್ಟೋ ಜನರಿಗೆ ಗಟ್ಟಿ ಅಂದರೆ ಕಬ್ಬಿಣ, ಅಲ್ವಾ? ಅರ್ಧ ನಿಜ. 18 ಗೇಜ್ ತಗಡು ಸುಮಾರು 1.2 ಮಿ.ಮೀ. ದಪ್ಪ. ಅದನ್ನು ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಫ್ರೇಮಿಗೆ ಹೊಡೆದರೆ ಸ್ಕ್ರೂಡ್ರೈವರ್ ಹಿಡಿದು ಬರುವ ಕಳ್ಳನನ್ನು ಪ್ಲೈಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಮನೆ ಶೆಡ್ಡಿನಲ್ಲಿ ಮಾಡುವವರಿಗೆ ಕಷ್ಟ ಇದೆ. ಸಾಮಾನ್ಯ ಆರ್ಕ್ ವೆಲ್ಡಿಂಗ್‌ನಲ್ಲಿ ಇಷ್ಟು ತೆಳು ತಗಡು ತೂತಾಗುತ್ತದೆ, ಇಲ್ಲವೇ ಶಾಖಕ್ಕೆ ಸೊಟ್ಟ ಆಗುತ್ತದೆ. ಚಿಕ್ಕ ಚಿಕ್ಕ ಚುಕ್ಕೆ ಹಾಕಿ, ತಣಿಯಲು ಬಿಟ್ಟು, ಎದುರು ಮೂಲೆಗೆ ಹೋಗಿ ಮತ್ತೆ ಚುಕ್ಕೆ ಹಾಕುವ ತಾಳ್ಮೆ ಬೇಕು. ಮಡಚುವುದಕ್ಕೆ ಬೆಂಡಿಂಗ್ ಮಷಿನ್ ಇರುವ ಕಡೆ ಹೋಗಲೇಬೇಕು. ಜಿಐ ತಗಡನ್ನು, ಅಂದರೆ ಸತು ಲೇಪಿಸಿದ ತಗಡನ್ನು, ಮನೆಯಲ್ಲಿ ವೆಲ್ಡ್ ಮಾಡಬೇಡಿ. ಸತುವಿನ ಹೊಗೆ ಉಸಿರಿಗೆ ಹೋದರೆ ಜ್ವರ ಬರುತ್ತದೆ.

ಮಲೆನಾಡಿನಲ್ಲಿ ತಗಡಿಗೆ ಇನ್ನೊಂದು ತೊಂದರೆ. ಅದು ಬೆವರುತ್ತದೆ. ಮಂಜು ಬಿದ್ದ ಬೆಳಗ್ಗೆ ತಗಡಿನ ಡಬ್ಬದ ಬಾಗಿಲು ತೆಗೆದು ಒಳಗಿನ ಮೇಲ್ಭಾಗ ಮುಟ್ಟಿ ನೋಡಿ, ಕೈ ಒದ್ದೆ ಆಗುತ್ತದೆ. ಆ ಹನಿ ನೇರ ಬೀಳುವುದು ಸರ್ಕ್ಯೂಟ್ ಬೋರ್ಡಿನ ಮೇಲೆ. ಪ್ಲೈ ಹೀಗೆ ಬೆವರುವುದಿಲ್ಲ. ತಗಡೇ ಬೇಕು ಅನ್ನುವವರು ಒಳಗಿನ ಮೇಲ್ಭಾಗಕ್ಕೆ ತೆಳು ಫೋಮ್ ಹಾಳೆ ಅಂಟಿಸಿ, ಬೋರ್ಡನ್ನು ಪಕ್ಕದ ಗೋಡೆಗೆ ನೆಟ್ಟಗೆ ಕೂರಿಸಿ.

ತೂಕದ ಬಗ್ಗೆ ಒಂದು ಲೆಕ್ಕ. ನನಗೇ ಇದು ಆಶ್ಚರ್ಯ ಆಗಿತ್ತು. 2 ಅಡಿ ಅಗಲ, ಒಂದೂವರೆ ಅಡಿ ಆಳ, 5 ಅಡಿ ಎತ್ತರದ ಡಬ್ಬಕ್ಕೆ ಒಟ್ಟು 41 ಚದರಡಿ ಬೇಕು. 8 ಅಡಿ 4 ಅಡಿಯ 18 ಮಿ.ಮೀ. ಪ್ಲೈ ಹಾಳೆ ಸುಮಾರು 32 ಕೆಜಿ, ಅಂದರೆ ಚದರಡಿಗೆ ಒಂದು ಕೆಜಿ. ಡಬ್ಬ 41 ಕೆಜಿ. ಅದೇ ದಪ್ಪದ ಎಂಡಿಎಫ್ ಆದರೆ 50 ಕೆಜಿ ದಾಟುತ್ತದೆ. 1.2 ಮಿ.ಮೀ. ತಗಡಿನಲ್ಲಿ ಮಾಡಿದರೆ ತಗಡು 36 ಕೆಜಿ, 25 ಮಿ.ಮೀ. ಆ್ಯಂಗಲ್ ಫ್ರೇಮ್ 11 ಕೆಜಿ ಮೇಲೆ. ತಗಡಿನದು ಭಾರ, ಪ್ಲೈ ಹಗುರ ಅನ್ನುವ ಮಾತಿಗೆ ಅಂಥ ಅರ್ಥ ಉಳಿಯಲಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ನೀರಿನ ಘಟಕಕ್ಕೆ ಮಾತ್ರ ಹೇಳುತ್ತೇನೆ. 304 ಗ್ರೇಡ್ ಕೇಳಿ ತನ್ನಿ. 202 ಅಗ್ಗ, ಆದರೆ ಸದಾ ಒದ್ದೆ ಇರುವ ಕಡೆ ಕಂದು ಕಲೆ ಬೇಗ ಏಳುತ್ತದೆ. ಇದರ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗದೆ ಫ್ಯಾಬ್ರಿಕೇಶನ್‌ನವರಿಗೆ ಕೊಡುವುದೇ ಸರಿ.

ನನ್ನ ಶೆಡ್ಡಿನಿಂದ ಹೊರಡುವ ಹತ್ತರಲ್ಲಿ ಎಂಟು ಡಬ್ಬಗಳು ಈಗ ಒಂದೇ ಥರ. ಮೈ ಮೆರೈನ್ ಪ್ಲೈ, ಕಬ್ಬಿಣ ಮೂರೇ ಕಡೆ: ಕಾಲು, ಬಾಗಿಲ ಚೌಕಟ್ಟು, ಕಾಯಿನ್ ಬಾಕ್ಸ್. ಇಡೀ ಡಬ್ಬವನ್ನು ತಿಜೋರಿ ಮಾಡುವ ಅಗತ್ಯ ಇಲ್ಲ. ದುಡ್ಡಿರುವ ಜಾಗ ತಿಜೋರಿ ಆದರೆ ಸಾಕು.

ದುಡ್ಡು ಬೀಳುವ ಜಾಗ

ಎಷ್ಟೋ ಜನ ಡಬ್ಬಕ್ಕೆ ವಾರಗಟ್ಟಲೆ ಕೆಲಸ ಮಾಡಿ, ಕಾಯಿನ್ ಬೀಳಲು ಒಳಗೊಂದು ಪ್ಲಾಸ್ಟಿಕ್ ಬಕೆಟ್ ಇಟ್ಟುಬಿಡುತ್ತಾರೆ. ಮಷಿನ್ ರಿಪೇರಿಗೆ ಬಾಗಿಲು ತೆಗೆದ ಯಾರ ಕೈಗಾದರೂ ಆ ದುಡ್ಡು ಸಿಗುತ್ತದೆ. ಅನುಮಾನ, ಜಗಳ ಎಲ್ಲಾ ಅಲ್ಲಿಂದಲೇ ಹುಟ್ಟುವುದು. ಹಾಗಾಗಿ ಕಾಯಿನ್ ಬಾಕ್ಸ್ ಬೇರೆ, ಅದರ ಬೀಗ ಬೇರೆ, ಕೀ ಬೇರೆ. ರಿಪೇರಿಯವನ ಹತ್ತಿರ ಮೇಲಿನ ಬಾಗಿಲ ಕೀ ಮಾತ್ರ ಇರಲಿ. ಅವನಿಗೂ ನೆಮ್ಮದಿ, ಮಾಲೀಕರಿಗೂ ನೆಮ್ಮದಿ.

ಬಾಕ್ಸ್ ಎಷ್ಟು ದೊಡ್ಡದಿರಬೇಕು? ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲ, 7.7 ಗ್ರಾಂ ತೂಕ. 6 ಇಂಚು ಉದ್ದ, ಅಗಲ, ಎತ್ತರದ ಚೌಕ ಡಬ್ಬಿಗೆ ನನ್ನ ಲೆಕ್ಕದಲ್ಲಿ ಹೆಚ್ಚುಕಡಿಮೆ 2000 ನಾಣ್ಯ ಹಿಡಿಯುತ್ತದೆ. 20 ಸಾವಿರ ರೂಪಾಯಿ. ತೂಕ 15 ಕೆಜಿ ದಾಟಿತು! ಐದು ರೂಪಾಯಿ ನಾಣ್ಯ ತುಂಬಿದರೂ ತೂಕ ಅಷ್ಟೇ ಬರುತ್ತದೆ. 6 ಮಿ.ಮೀ. ಪ್ಲೈ ತಳ ಹಾಕಿ ನಾಲ್ಕು ಮೊಳೆ ಹೊಡೆದರೆ ಈ ಭಾರ ನಿಲ್ಲುತ್ತದಾ? ತಳವನ್ನು 16 ಗೇಜ್ ತಗಡಿನಲ್ಲಿ ಮಡಚಿ, ಕೆಳಗೆ ಆ್ಯಂಗಲ್ ಹಳಿ ಕೊಡಿ, ಡ್ರಾಯರ್ ಹಾಗೆ ಎಳೆದುಕೊಳ್ಳಲಿ. ಇದಕ್ಕಿಂತ ದೊಡ್ಡ ಬಾಕ್ಸ್ ಬೇಡ. ಎತ್ತುವವರ ಸೊಂಟ ಉಳಿಯಬೇಕು. ಜೊತೆಗೆ ವಾರಕ್ಕೊಮ್ಮೆ ಖಾಲಿ ಮಾಡುವ ಅಭ್ಯಾಸವೂ ಆಗುತ್ತದೆ.

ನಾಣ್ಯ ಗುರುತಿಸಿ ಒಳಗೆ ಬಿಡುವ ಭಾಗವೇ ಕಾಯಿನ್ ಅಕ್ಸೆಪ್ಟರ್. ಅದರಲ್ಲಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ ಮಾದರಿ ನಾಣ್ಯವನ್ನು ಒಳಗೇ ಸಿಕ್ಕಿಸಿಡುತ್ತೀರಿ. ಬಿದ್ದ ನಾಣ್ಯ ಅದಕ್ಕೆ ಹೊಂದಿದರೆ ಮಾತ್ರ ಒಳಗೆ ಬಿಡುತ್ತದೆ. ಸರಳ, ಅಗ್ಗ, ಒಂದೇ ಬಗೆಯ ನಾಣ್ಯಕ್ಕೆ ಸರಿ. ಇನ್ನೊಂದು, ಹಲವು ನಾಣ್ಯಗಳನ್ನು ಹಾಕಿ ಹಾಕಿ ಕಲಿಸುವಂಥದ್ದು. ನಮ್ಮ ದೇಶದ ನಾಣ್ಯಕ್ಕೆ ಇದೇ ಒಳ್ಳೆಯದು ಅನ್ನುತ್ತೇನೆ. ಯಾಕೆಂದರೆ ಹಳೇ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ. ಅಗಲ ಇತ್ತು. 2011ರಲ್ಲಿ ಬಂದ ಎರಡು ರೂಪಾಯಿಯೂ 25 ಮಿ.ಮೀ., ತೂಕವೂ ಅದೇ 4.85 ಗ್ರಾಂ. ಅಂಗಡಿಯಲ್ಲಿ ನಾವೇ ತಡವರಿಸುತ್ತೇವೆ, ಮಷಿನ್‌ಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಒಂದು, ಎರಡು ರೂಪಾಯಿಯ ಮಷಿನ್ ಮಾಡಲು ಹೋಗಬೇಡಿ. ಐದು ರೂಪಾಯಿಯಲ್ಲೂ ಬೆಳ್ಳಿ ಬಣ್ಣದ ಹಳೇ ದಪ್ಪ ನಾಣ್ಯ 9 ಗ್ರಾಂ, 2011ರ ಹಳದಿಯದು 6 ಗ್ರಾಂ. ಎರಡೂ 23 ಮಿ.ಮೀ. ಎರಡನ್ನೂ ಕಲಿಸಬೇಕು. ಕಲಿಸುವಾಗ ಒಂದೇ ನಾಣ್ಯವನ್ನು ಇಪ್ಪತ್ತು ಸಲ ಹಾಕಬೇಡಿ. ಹೊಳೆಯುವುದು, ಸವೆದದ್ದು, ಸಂತೆಯಲ್ಲಿ ಮಣ್ಣಾದದ್ದು, ಎಲ್ಲಾ ಸೇರಿಸಿ ಹಾಕಿ.

ಡಬ್ಬಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಅಕ್ಸೆಪ್ಟರ್ ನೆಟ್ಟಗೆ ನಿಲ್ಲಬೇಕು. ನಾಣ್ಯ ಉರುಳುವ ವೇಗ ಬದಲಾದರೆ ಒಳ್ಳೆಯ ನಾಣ್ಯವನ್ನೂ ವಾಪಸ್ ಕಳಿಸುತ್ತದೆ. ಡಬ್ಬದ ಮುಖ ಚೆಂದಕ್ಕೆ ವಾಲಿಸಿದ್ದರೆ ಅಕ್ಸೆಪ್ಟರ್ ಕೂರುವ ಅಷ್ಟು ಜಾಗವನ್ನಾದರೂ ಲಂಬವಾಗಿ ಬಿಡಿ. ರಸಮಟ್ಟ ಇಟ್ಟು ನೋಡಿ. ನಮ್ಮ ಹಳೇ ಅಂಗಡಿಗಳ ನೆಲ ಮಟ್ಟವಾಗಿರುವುದು ಅಪರೂಪ, ಅದಕ್ಕೆ ಕಾಲಿಗೆ ತಿರುಗಿಸಿ ಎತ್ತರ ಸರಿಮಾಡುವ ಬೋಲ್ಟ್ ಇರಲೇಬೇಕು. ಮುಖಕ್ಕೆ ತೂತು ಕೊರೆಯುವ ಮುಂಚೆ ಕೈಯಲ್ಲಿರುವ ಅಕ್ಸೆಪ್ಟರ್‌ನ ಅಳತೆ ತೆಗೆದುಕೊಳ್ಳಿ. ನೋಡಲು ಒಂದೇ ಥರ ಇದ್ದರೂ ಒಂದೆರಡು ಮಿ.ಮೀ. ವ್ಯತ್ಯಾಸ ಇರುತ್ತದೆ.

ಅಕ್ಸೆಪ್ಟರ್‌ನಿಂದ ಬಾಕ್ಸಿಗೆ ದಾರಿ 40 ಮಿ.ಮೀ. ಪಿವಿಸಿ ಪೈಪಿನಲ್ಲಿ ಮಾಡುತ್ತೇನೆ. 27 ಮಿ.ಮೀ. ನಾಣ್ಯ ಅಡ್ಡ ಸಿಕ್ಕಿಕೊಳ್ಳುವುದಿಲ್ಲ. ನಡುವೆ ಒಂದು ಬಾಗು ಇರಲಿ. ನೇರ ಪೈಪಾದರೆ ಮೇಲಿಂದ ತಂತಿ ಬಿಟ್ಟು ನಾಣ್ಯ ಎತ್ತುವವರಿದ್ದಾರೆ.

ಬಾಗಿಲು, ಬೀಗ

ಬಾಗಿಲನ್ನು ಎರಡು ಥರ ಕೂರಿಸಬಹುದು. ಚೌಕಟ್ಟಿನ ಮೇಲೆ ಕೂರುವ ಬಾಗಿಲು ಮಾಡಲು ಸುಲಭ, ಅಳತೆ ಸ್ವಲ್ಪ ಆಚೀಚೆ ಆದರೂ ಮುಚ್ಚಿಹೋಗುತ್ತದೆ. ಆದರೆ ಅದರ ಅಂಚು ಹೊರಗೇ ಇರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬೀಗದ ನಾಲಿಗೆ ಬಾಗುತ್ತದೆ. ಚೌಕಟ್ಟಿನ ಒಳಗೆ ಕೂರುವ ಬಾಗಿಲಿಗೆ ಅಳತೆ ಕರಾರುವಾಕ್ಕಾಗಿರಬೇಕು. ಸುತ್ತ 2 ಮಿ.ಮೀ. ಸಂದು, ಮಲೆನಾಡಾದರೆ 3. ಅದರ ಹಿಂದೆ ಸುತ್ತಲೂ ಆ್ಯಂಗಲ್ ಪಟ್ಟಿ. ಸ್ಕ್ರೂಡ್ರೈವರ್ ತೂರಿಸಿದರೆ ತುದಿ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ, ಮೀಟಲು ಜಾಗವೇ ಸಿಗುವುದಿಲ್ಲ. ಅರ್ಧ ದಿನದ ಕೆಲಸ ಜಾಸ್ತಿ ಹಿಡಿಯುತ್ತದೆ. ರಾತ್ರಿ ಹೊರಗೆ ನಿಲ್ಲುವ ಮಷಿನ್‌ಗೆ ಇದೇ ಮಾಡಿ.

ಬೀಗದಲ್ಲಿ ಸಾಮಾನ್ಯ ಕ್ಯಾಮ್ ಲಾಕ್ (ಕೀ ತಿರುಗಿಸಿದರೆ ಹಿಂದಿನ ನಾಲಿಗೆ ತಿರುಗುವಂಥದ್ದು) ಟೇಬಲ್ ಡ್ರಾಯರಿಗೆ ಸರಿ. ಅಗ್ಗದವುಗಳಲ್ಲಿ ಹತ್ತು ಬೀಗಕ್ಕೆ ಒಂದೇ ಕೀ ಬರುವುದೂ ಉಂಟು. ತರುವಾಗ ಪಕ್ಕದ ಪ್ಯಾಕೆಟ್‌ನ ಕೀ ಹಾಕಿ ತಿರುಗಿಸಿ ನೋಡಿ. ಕಾಯಿನ್ ಬಾಕ್ಸಿಗೆ ಕೊಳವೆ ಥರದ ದುಂಡು ಕೀ ಇರುವ ಬೀಗ ಹಾಕಿ. ಹೊರಗಿನ ಚಿಲಕ, ನೇತಾಡುವ ಬೀಗ ಗಟ್ಟಿ ಅನ್ನಿಸುತ್ತದೆ, ಆದರೆ ಚಿಲಕದ ಸ್ಕ್ರೂ ಹೊರಗೆ ಕಂಡರೆ ಬೀಗ ಎಷ್ಟು ದೊಡ್ಡದಿದ್ದರೂ ವ್ಯರ್ಥ. ಗುಂಡು ತಲೆಯ, ತಲೆ ಕೆಳಗೆ ಚೌಕ ಕುತ್ತಿಗೆ ಇರುವ ಬೋಲ್ಟ್ ಸಿಗುತ್ತದೆ. ಹೊರಗಿನಿಂದ ಹಿಡಿಯಲು ಏನೂ ಇರುವುದಿಲ್ಲ, ನಟ್ಟು ಒಳಗೆ. ಚಿಲಕಕ್ಕೂ, ಕಾಲಿಗೂ ಅದನ್ನೇ ಬಳಸಿ.

ಜೋಡಣೆ, ಬಣ್ಣ, ಕರೆಂಟು

ಪ್ಲೈ ಜೋಡಣೆಗೆ ನನ್ನ ಕ್ರಮ ಸರಳ. ಮೂಲೆಯ ಒಳಗೆ ರೀಪು ಪಟ್ಟಿ, ತೇವ ತಡೆಯುವ ಫೆವಿಕಾಲ್, ನಾಲ್ಕು ಇಂಚಿಗೊಂದು ಸ್ಕ್ರೂ. ಕಪ್ಪು ಜಿಪ್ಸಮ್ ಸ್ಕ್ರೂ ಭಾರಕ್ಕೆ ಹಾಕಬೇಡಿ, ಅಡ್ಡ ಹೊಡೆತ ಬಿದ್ದರೆ ಪಟ್ ಅಂತ ಮುರಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಕತ್ತರಿಸಿದ ಅಂಚು. ನೀರು ಕುಡಿಯುವುದು ಅಲ್ಲಿಂದ. ಕೂರಿಸುವ ಮುಂಚೆಯೇ ಕೆಳ ಅಂಚಿಗೆ ಎರಡು ಸಲ ಎಪಾಕ್ಸಿ ಬಳಿಯಿರಿ. ಕಾಲು ಕನಿಷ್ಠ 4 ಇಂಚು ಎತ್ತರ ಇರಲಿ, ಒರೆಸುವ ಬಟ್ಟೆ ಆರಾಮಾಗಿ ಕೆಳಗೆ ಹೋಗಬೇಕು.

ಹೊರಗೆ ಸನ್‌ಮೈಕಾ ಹಾಕುವುದೋ, ಪೇಂಟೋ? ಜನ ಮುಟ್ಟುವ ಮಷಿನ್‌ಗೆ ಸನ್‌ಮೈಕಾ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಒಳಗೂ ಒಂದು ಕೈ ಪ್ರೈಮರ್ ಮರೆಯಬೇಡಿ. ಕಬ್ಬಿಣದ ಭಾಗಕ್ಕೆ ಪೌಡರ್ ಕೋಟಿಂಗ್ ಸಿಕ್ಕರೆ ಚೆನ್ನ. ಸಿಗದಿದ್ದರೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಎರಡು ಸಲ ಎನಾಮಲ್.

ಕರೆಂಟಿನ ವಿಷಯದಲ್ಲಿ ರಾಜಿ ಬೇಡ. ಒದ್ದೆ ಕೈಯ ಮಗು ಬಂದು ಮುಟ್ಟುವ ಸಾಮಾನು ಇದು. ಅಕ್ಸೆಪ್ಟರ್‌ಗೆ 12 ವೋಲ್ಟ್ ಸಾಕು, ಆದರೆ ಆ 12 ವೋಲ್ಟ್ ಮಾಡುವ ಸಪ್ಲೈಗೆ 230 ವೋಲ್ಟ್ ಡಬ್ಬದ ಒಳಗೇ ಬರುತ್ತದೆ. ಮೂರು ಪಿನ್ನಿನ ವೈರು, ನಿಜವಾದ ಅರ್ತಿಂಗ್, ಮುಂದೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಬಾಗಿಲು ಕಬ್ಬಿಣದ್ದಾದರೆ ಅದಕ್ಕೂ ಬೇರೆ ಅರ್ತ್ ವೈರ್ ಎಳೆಯಿರಿ. ಹಿಂಜ್‌ನ ಪೇಂಟ್ ಅರ್ತನ್ನು ತಡೆಯುತ್ತದೆ. ಇದರಲ್ಲಿ ಯಾವುದಾದರೂ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ.

ಗಾಳಿಗೆ ಹಿಂದೆ ಕೆಳಗೊಂದು ಕಂಡಿ, ಮೇಲೊಂದು ಕಂಡಿ. ಎರಡಕ್ಕೂ ಸ್ಟೀಲ್ ಜಾಲರಿ. ಒಂದು ಮಷಿನ್ ನಾಣ್ಯ ತೆಗೆದುಕೊಳ್ಳುತ್ತಿಲ್ಲ ಅಂತ ಕರೆದಿದ್ದರು. ಬಿಚ್ಚಿ ನೋಡಿದರೆ ಪೈಪಿನ ಬಾಗಿನಲ್ಲಿ ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು. ಬಿಸಿ ಜಾಗ, ಕತ್ತಲೆ, ಅದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗುತ್ತದೆ ಅದಕ್ಕೆ?

ಕಳಿಸುವ ಮುಂಚಿನ ದಿನ ನಾನು ಒಂದು ಕೆಲಸ ತಪ್ಪಿಸುವುದಿಲ್ಲ. ಒಳಗಿನ ಎಲೆಕ್ಟ್ರಿಕ್ ಸಾಮಾನೆಲ್ಲ ಬಿಚ್ಚಿ ತೆಗೆದು, ಡಬ್ಬವನ್ನು ಅಂಗಳದಲ್ಲಿ ನಿಲ್ಲಿಸುತ್ತೇನೆ. ಒಳಗಿನ ತಳಕ್ಕೆ, ಕಪಾಟುಗಳಿಗೆ ಹಳೇ ನ್ಯೂಸ್ ಪೇಪರ್ ಹಾಸುತ್ತೇನೆ. ಬಾಗಿಲು ಮುಚ್ಚಿ, ಪೈಪಿನಲ್ಲಿ ಹತ್ತು ನಿಮಿಷ ನೀರು ಹಾಯಿಸುತ್ತೇನೆ. ಮೇಲಿಂದ, ಪಕ್ಕದಿಂದ, ಎರಚಲು ಹೊಡೆಯುವ ಹಾಗೆ ಕೆಳಗಿನಿಂದಲೂ. ಆಮೇಲೆ ಬಾಗಿಲು ತೆಗೆದರೆ ಪೇಪರ್ ಹೇಳುತ್ತದೆ. ಎಲ್ಲಿ ಕಲೆ ಇದೆಯೋ ಅದರ ನೇರ ಮೇಲೆ ಎಲ್ಲೋ ಸಂದು ಇದೆ. ಅದನ್ನು ಹುಡುಕಿ ಸಿಲಿಕೋನ್ ತುಂಬಿ, ಒಂದು ದಿನ ಒಣಗಲು ಬಿಟ್ಟು, ಹೊಸ ಪೇಪರ್ ಹಾಸಿ ಮತ್ತೆ ನೀರು ಹಾಯಿಸುತ್ತೇನೆ. ಪೇಪರ್ ಒಣಗಿದ್ದರೆ ಮಾತ್ರ ಗೂಡ್ಸ್ ಆಟೋಗೆ ಫೋನ್ ಮಾಡುವುದು.